ಕನ್ನಡಿಯುಳ್ಳ ಕ್ಯಾಮೆರಾ

ಮಧ್ಯಮ ವರ್ಗದ ನಮ್ಮ ಮನೆಗಳಲ್ಲಿ ಕ್ಯಾಮೆರಾ ಎಂಬುದು ಬಹುಕಾಲ ಗಂಡಸರ ಸೊತ್ತಾಗಿಯೇ ಉಳಿದಿತ್ತು. ರೇಡಿಯೋದ ಕಿವಿ ಹಿಂಡುವುದು, ಸ್ಕೂಟರಿನ ಕಿಕ್ಕರ್ ತುಳಿಯುವುದು, ಕ್ಯಾಮೆರಾ ಹಿಡಿಯುವುದು, ಈ ಮೂರು ಕೆಲಸಗಳು ಮನೆಯ ಯಜಮಾನರಿಗೋ, ಚಿಕ್ಕಪ್ಪನಿಗೋ, ಕಾಲೇಜಿಗೆ ಹೋಗುವ ಅಣ್ಣನಿಗೋ ಮೀಸಲು. ನಾವು ಹೆಂಗಸರು ಅದರ ಮುಂದೆ ನಿಲ್ಲುವವರು. "ಸೆರಗು ಸರಿಮಾಡಿಕೋ", "ಮಗೂನ ಈ ಕಡೆ ತಿರುಗಿಸು", "ಸ್ವಲ್ಪ ನಗಬಾರದೇ" ಎಂಬ ಅಪ್ಪಣೆಗಳನ್ನು ಪಾಲಿಸುತ್ತ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತವರು. ನಿಮ್ಮ ಮನೆಯ ಹಳೆಯ ಆಲ್ಬಮ್ಮನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಯಾರು ಯಾರಿದ್ದಾರೆ ಎಂದು ಎಲ್ಲರೂ ನೋಡುತ್ತೇವೆ. ಅದನ್ನು ಬಿಟ್ಟು, ಆ ಚಿತ್ರಗಳನ್ನು ತೆಗೆದವರು ಯಾರು ಎಂದು ಒಂದೊಂದಾಗಿ ಕೇಳುತ್ತ ಹೋಗಿ. ಅಮ್ಮ ತೆಗೆದದ್ದು, ಅತ್ತೆ ತೆಗೆದದ್ದು, ದೊಡ್ಡಮ್ಮ ತೆಗೆದದ್ದು ಎನ್ನುವಂಥ ಒಂದಾದರೂ ಚಿತ್ರ ಸಿಕ್ಕರೆ ನಿಮ್ಮದು ಪುಣ್ಯವಂತರ ಮನೆ.

ಇದಕ್ಕೆ ಗಂಡಸರ ದರ್ಪವೊಂದೇ ಕಾರಣವೆಂದರೆ ಅನ್ಯಾಯವಾದೀತು. ಖರ್ಚೂ ಒಂದು ಕಾರಣ. ನಾನು ಚಿಕ್ಕವಳಿದ್ದಾಗ ಅನುಕೂಲಸ್ಥರ ಮನೆಗಳಲ್ಲಿ ಕಾಣುತ್ತಿದ್ದುದು ಆಗ್ಫಾ ಕ್ಲಿಕ್ ಕ್ಯಾಮೆರಾ. ಅದರ ಒಂದು ರೋಲಿಗೆ ಹನ್ನೆರಡೇ ಚಿತ್ರ. ಆಮೇಲೆ ಬಂದ ಮೂವತ್ತೈದು ಮಿಲಿಮೀಟರ್ ರೋಲಿನಲ್ಲಿ ಮೂವತ್ತಾರು. ಜಾಣರು ಫಿಲಂ ಸುತ್ತುವಾಗ ಸ್ವಲ್ಪ ಬಿಗಿ ಹಿಡಿದು ಮೂವತ್ತೇಳನೆಯದನ್ನೂ ಹೇಗೋ ತೆಗೆದುಬಿಡುತ್ತಿದ್ದರು. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯ 'ಇಂದು' ಫಿಲಂ ನಮ್ಮ ದೇಶದ್ದೇ ಆದರೂ ಪುಕ್ಕಟೆಯೇನೂ ಸಿಗುತ್ತಿರಲಿಲ್ಲ. ರೋಲಿಗೆ ಒಂದು ದುಡ್ಡು, ತೊಳೆಸಲು ಒಂದು ದುಡ್ಡು, ಪ್ರಿಂಟಿಗೆ ಇನ್ನೊಂದು ದುಡ್ಡು. ದುಡ್ಡಿನ ಚೀಲ ಯಾರ ಕೈಯಲ್ಲಿತ್ತೋ ಕ್ಯಾಮೆರಾದ ಗುಂಡಿಯೂ ಅವರ ಕೈಯಲ್ಲಿತ್ತು. ಆಸೆಪಟ್ಟು ಕೈ ಚಾಚಿದ ಹೆಣ್ಣುಮಕ್ಕಳಿಗೆ ಸಿಗುತ್ತಿದ್ದ ಉತ್ತರ ಒಂದೇ: "ಫಿಲಂ ದಂಡ ಮಾಡಬೇಡ."

ಹೀಗೆ ಫಿಲಂ ಉಳಿಸಿದ್ದರಿಂದ ಏನು ಕಳೆದುಹೋಯಿತು ಎಂಬುದು ತಿಳಿಯುವುದು ಸಾವಿನ ಮನೆಯಲ್ಲಿ. ನನ್ನ ಅಮ್ಮ ತೀರಿಕೊಂಡದ್ದು 1998ರಲ್ಲಿ. ಹನ್ನೊಂದನೆಯ ದಿನದೊಳಗೆ ಗೋಡೆಗೆ ಒಂದು ಫೋಟೋ ಬೇಕಲ್ಲ? ಮನೆಯೆಲ್ಲ ಹುಡುಕಿದರೂ ಅಮ್ಮ ಒಬ್ಬಳೇ ಇರುವ ಒಂದು ಚಿತ್ರ ಸಿಗಲಿಲ್ಲ. ಮಗು ಎತ್ತಿಕೊಂಡ ಅಮ್ಮ, ಮದುವಣಗಿತ್ತಿಯ ಹಿಂದೆ ಅಕ್ಷತೆ ತಟ್ಟೆ ಹಿಡಿದ ಅಮ್ಮ, ಸಾಲಿನ ಕೊನೆಯಲ್ಲಿ ಅರ್ಧ ಮುಖದ ಅಮ್ಮ. ಕಡೆಗೆ ಸೋದರಮಾವನ ಮದುವೆಯ ಗುಂಪು ಚಿತ್ರದಿಂದ ಅವರೆಕಾಳಿನಷ್ಟು ದೊಡ್ಡ ಮುಖವನ್ನು ಸ್ಟುಡಿಯೋದವರು ಕತ್ತರಿಸಿ ಹಿಗ್ಗಿಸಿ ಕೊಟ್ಟರು. ಇಂದಿಗೂ ನಮ್ಮ ತವರಿನ ಗೋಡೆಯ ಮೇಲೆ ಅದೇ ಇದೆ. ಚಿತ್ರದ ಅಂಚಿನಲ್ಲಿ ಚಿಕ್ಕಮ್ಮನ ಸೀರೆಯ ಜರಿ ಅಂಚು ಒಂದಿಷ್ಟು ಕಾಣುತ್ತದೆ. ಅಮ್ಮನ ಕಣ್ಣು ಮಾತ್ರ ಕಾಣುವುದಿಲ್ಲ. ಕಣ್ಣಿರುವ ಕಡೆ ಎರಡು ಕಪ್ಪು ಮಚ್ಚೆಗಳಿವೆ ಅಷ್ಟೆ.

ಇಷ್ಟು ಪೀಠಿಕೆ ಏಕೆಂದರೆ, ಕಳೆದ ಕೆಲವು ವರ್ಷಗಳಿಂದ ನನ್ನ ಕೈಗೂ ಒಂದು ಕ್ಯಾಮೆರಾ ಬಂದಿದೆ. ಹೊಸದಲ್ಲ. ನನ್ನ ತಮ್ಮ 2007ರಲ್ಲಿ ಬೆಂಗಳೂರಿನ ಕಂಪೆನಿಯೊಂದರ ಸಂಬಳದಲ್ಲಿ ಕೊಂಡ ನಿಕಾನ್ ಡಿ40. ಎಂಟು ವರ್ಷ ಬಳಸಿದ ಮೇಲೆ ಅವನಿಗೆ ಮೊಬೈಲೇ ಸಾಕೆನಿಸಿತು. "ಅಕ್ಕ, ಇದನ್ನ ಮಾರಿದರೆ ಏನೂ ಬರೋಲ್ಲ, ನೀನಾದರೂ ಇಟ್ಟುಕೋ" ಎಂದು 2015ರ ಗೌರಿ ಹಬ್ಬಕ್ಕೆ ಬಾಗಿನದ ಜೊತೆಯಲ್ಲಿ ಕೊಟ್ಟು ಹೋದ. ಹಳೆಯ ಸಾಮಾನು ಅಕ್ಕನ ಮನೆಗೆ ಎಂಬ ಪದ್ಧತಿ ಎಲ್ಲ ಮನೆಗಳಲ್ಲೂ ಇದ್ದದ್ದೇ. ಆದರೆ ಈ ಒಂದು ಹಳೆಯ ಸಾಮಾನಿಗೆ ನಾನು ತಮ್ಮನಿಗೆ ಋಣಿ.

ಯಾವ ವಸ್ತು ಕೈಗೆ ಬಂದರೂ ಅದರ ವಂಶಾವಳಿ ಕೇಳುವುದು ಇತಿಹಾಸದ ಮೇಡಂಗಳ ಚಾಳಿ. ಈ ಕ್ಯಾಮೆರಾದ ವರ್ಗಕ್ಕೆ ಡಿಎಸ್‌ಎಲ್‌ಆರ್ ಎಂದು ಹೆಸರು. ಮದುವೆ ಮನೆಗಳಲ್ಲಿ ಈ ಹೆಸರನ್ನು ನೀವೂ ಕೇಳಿರುತ್ತೀರಿ. ಇದರ ಹೊಟ್ಟೆಯೊಳಗೆ ಒಂದು ಪುಟ್ಟ ಕನ್ನಡಿ ಓರೆಯಾಗಿ ನಿಂತಿರುತ್ತದೆ. ಲೆನ್ಸಿನಿಂದ ಬಂದ ಬೆಳಕು ಆ ಕನ್ನಡಿಗೆ ಬಡಿದು ಮೇಲಕ್ಕೆ ಹೋಗಿ, ಅಲ್ಲಿ ಮತ್ತೆ ಪ್ರತಿಫಲಿಸಿ ನಮ್ಮ ಕಣ್ಣಿಗೆ ಬೀಳುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೆ ಹಾರುತ್ತದೆ, ಬೆಳಕು ನೇರವಾಗಿ ಹಿಂದಿನ ಫಲಕಕ್ಕೆ ಬೀಳುತ್ತದೆ, ಕನ್ನಡಿ ಮತ್ತೆ ಇಳಿಯುತ್ತದೆ. 'ಕಟಕ್' ಎಂಬ ಆ ಸದ್ದು ಇದರದೇ. ಎಂದರೆ ನಾವು ನೋಡುವುದು ಯಾವುದೋ ಪಕ್ಕದ ಕಿಂಡಿಯಿಂದಲ್ಲ. ಯಾವ ಕಣ್ಣು ಚಿತ್ರ ತೆಗೆಯುತ್ತದೋ ಅದೇ ಕಣ್ಣಿನಿಂದ ನಾವೂ ನೋಡುತ್ತೇವೆ.

ಈ ಕನ್ನಡಿಯ ತೌರುಮನೆ ಜರ್ಮನಿಯ ಡ್ರೆಸ್ಡೆನ್ ನಗರ. 1936ರಲ್ಲಿ ಅಲ್ಲಿ ತಯಾರಾದ ಕಿನೆ ಎಕ್ಸಾಕ್ಟಾ, ಸಿನಿಮಾ ಫಿಲಮ್ಮಿನ ಅಗಲದ ಸುರುಳಿ ಹಾಕಿ ಬಳಸುವ ಮೊದಮೊದಲ ಕನ್ನಡಿ ಕ್ಯಾಮೆರಾಗಳಲ್ಲೊಂದು. ಅದನ್ನು ಸೊಂಟದ ಬಳಿ ಹಿಡಿದು ಬಗ್ಗಿ ನೋಡಬೇಕಿತ್ತು. ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತಿತ್ತು. 1949ರಲ್ಲಿ ಅದೇ ಊರಿನ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದ ನೆತ್ತಿಯ ಮೇಲೆ ಗಾಜಿನ ಪಟ್ಟಕ ಕೂತಿತು. ಆಗ ಕಣ್ಣೆತ್ತರದಲ್ಲಿ ಹಿಡಿದು ಇದ್ದದ್ದನ್ನು ಇದ್ದಂತೆಯೇ ನೋಡುವುದು ಸಾಧ್ಯವಾಯಿತು. ಇನ್ನೂ ಒಂದು ತಾಪತ್ರಯ ಉಳಿದಿತ್ತು. ಮೇಲೆ ಹಾರಿದ ಕನ್ನಡಿ ತಾನಾಗಿ ಕೆಳಗಿಳಿಯುತ್ತಿರಲಿಲ್ಲ. ಫಿಲಂ ಮುಂದಕ್ಕೆ ಸುತ್ತುವವರೆಗೂ ಕತ್ತಲೆ. 1954ರಲ್ಲಿ ಜಪಾನಿನ ಅಸಾಹಿ ಕಂಪೆನಿಯವರು ತಟ್ಟನೆ ಹಿಂದಿರುಗುವ ಕನ್ನಡಿ ತಂದರು. 1959ರಲ್ಲಿ ನಿಕಾನ್ ಎಫ್ ಬಂತು. ಅದರಲ್ಲಿ ಲೆನ್ಸು ಕೂರಿಸುವ ಬಾಯಿಯ ಅಳತೆ ಏನಿತ್ತೋ, ನನ್ನ ಡಿ40ರಲ್ಲೂ ಅದೇ ಅಳತೆ. ಮನೆತನದ ಓಲೆಯ ತಿರುಪಿನಂತೆ ಅಜ್ಜಿಯದು ಮೊಮ್ಮಗಳಿಗೂ ಹೊಂದುತ್ತದೆ.

ಇದು ತಂದೆಯ ಕಡೆಯ ವಂಶ ಎನ್ನೋಣ. ತಾಯಿಯ ಕಡೆಯದು ಅಮೆರಿಕದ್ದು. 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬಿಬ್ಬರು ಸಿಸಿಡಿ ಎಂಬ ಸಿಲಿಕಾನ್ ಫಲಕವನ್ನು ಕಂಡುಹಿಡಿದರು. ನಲವತ್ತು ವರ್ಷಗಳ ನಂತರ, 2009ರಲ್ಲಿ, ಇದಕ್ಕಾಗಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಅದರ ಕೆಲಸವನ್ನು ನಾನು ಮಕ್ಕಳಿಗೆ ಹೇಳುವುದು ಹೀಗೆ. ಮಳೆ ಬರುವಾಗ ಅಂಗಳದ ತುಂಬ ಸಾಲುಸಾಲಾಗಿ ಬಿಂದಿಗೆಗಳನ್ನು ಇಟ್ಟಿದ್ದೀರಿ ಎನ್ನಿ. ಮಳೆಯೆಂದರೆ ಬೆಳಕು. ಹೆಚ್ಚು ಬೆಳಕು ಬಿದ್ದ ಕಡೆ ಬಿಂದಿಗೆ ತುಂಬುತ್ತದೆ, ನೆರಳಿದ್ದ ಕಡೆ ತಳ ಮಾತ್ರ ತೇವವಾಗುತ್ತದೆ. ಮಳೆ ನಿಂತಮೇಲೆ ಪ್ರತಿ ಬಿಂದಿಗೆಯ ನೀರನ್ನೂ ಪಕ್ಕದ್ದಕ್ಕೆ ಸುರಿಯುತ್ತ, ಕೈಯಿಂದ ಕೈಗೆ ದಾಟಿಸುತ್ತ ಮೂಲೆಗೆ ತಂದು, ಅಲ್ಲಿ ಒಬ್ಬರು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆ ಲೆಕ್ಕದ ಪುಸ್ತಕವೇ ಚಿತ್ರ.

ಆದರೆ ಈ ಬಿಂದಿಗೆಗಳಿಗೆ ಬಣ್ಣ ತಿಳಿಯದು, ಎಷ್ಟು ಬೆಳಕು ಎಂಬುದಷ್ಟೇ ತಿಳಿಯುತ್ತದೆ. ಕೊಡಾಕ್ ಕಂಪೆನಿಯಲ್ಲಿದ್ದ ಬ್ರೈಸ್ ಬೇಯರ್ ಎಂಬಾತ ಇದಕ್ಕೊಂದು ಉಪಾಯ ಮಾಡಿ 1976ರಲ್ಲಿ ಪೇಟೆಂಟ್ ಪಡೆದ. ಪ್ರತಿ ಬಿಂದಿಗೆಯ ಬಾಯಿಗೂ ಒಂದೊಂದು ಬಣ್ಣದ ಮುಚ್ಚಳ. ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಸಿರು ಎರಡು ಪಾಲು ಏಕೆಂದರೆ ಮನುಷ್ಯರ ಕಣ್ಣು ಹಸಿರಿನ ನಡುವಿನ ಬೆಳಕನ್ನೇ ಹೆಚ್ಚು ಚೆನ್ನಾಗಿ ಗುರುತಿಸುತ್ತದೆ. ಚುಕ್ಕಿ ಇಟ್ಟು ಬಣ್ಣ ತುಂಬುವ ನಮ್ಮ ಸಂಕ್ರಾಂತಿಯ ರಂಗೋಲಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ವ್ಯತ್ಯಾಸವೆಂದರೆ ನನ್ನ ಕ್ಯಾಮೆರಾ ಇಡುವ ಚುಕ್ಕಿಗಳು ಅರವತ್ತು ಲಕ್ಷಕ್ಕೂ ಹೆಚ್ಚು.

ಡಿಜಿಟಲ್ ಕ್ಯಾಮೆರಾ ಎನ್ನಬಹುದಾದ ಒಂದನ್ನು ಮೊದಲು ಕಟ್ಟಿದವನು ಕೊಡಾಕ್‌ನ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್. ಅದು 1975ರ ಡಿಸೆಂಬರ್. ಸಿನಿಮಾ ಕ್ಯಾಮೆರಾದ್ದೊಂದು ಲೆನ್ಸು, ಹದಿನಾರು ಬ್ಯಾಟರಿ, ಒಂದು ಕ್ಯಾಸೆಟ್ ಟೇಪು, ಎಲ್ಲ ಸೇರಿ ಮೂರೂವರೆ ಕಿಲೋಗೂ ಹೆಚ್ಚು ತೂಕ. ಅಡ್ಡಕ್ಕೆ ನೂರು, ಉದ್ದಕ್ಕೆ ನೂರು, ಹತ್ತೇ ಸಾವಿರ ಚುಕ್ಕಿಗಳ ಕಪ್ಪುಬಿಳುಪು ಚಿತ್ರ. ಒಂದು ಚಿತ್ರ ಟೇಪಿನ ಮೇಲೆ ದಾಖಲಾಗಲು 23 ಸೆಕೆಂಡು ಬೇಕಿತ್ತು. ಆ ಯಂತ್ರದ ಮುಂದೆ ಮೊದಲು ನಿಂತ ಮನುಷ್ಯಜೀವಿ ಅದೇ ಕಂಪೆನಿಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಒಬ್ಬ ಹೆಂಗಸು. ಟಿ.ವಿ. ಪರದೆಯ ಮೇಲೆ ಆಕೆಯ ಕೂದಲಿನ ಆಕಾರ ಕಂಡಿತು, ಮುಖ ಮಾತ್ರ ಚಿಂದಿಚಿಂದಿಯಾದ ಗೆರೆಗಳಾಗಿತ್ತು. ಇನ್ನೂ ಕೆಲಸ ಬಾಕಿಯಿದೆ ಎಂಬರ್ಥದ ಮಾತು ಹೇಳಿ ಆಕೆ ಹೊರಟುಹೋದಳಂತೆ. ಒಂದಷ್ಟು ತಂತಿಗಳನ್ನು ಅದಲುಬದಲು ಮಾಡಿದ ಮೇಲೆ ಮುಖ ಸರಿಯಾಗಿ ಬಂತು ಎಂದು ಸ್ಯಾಸನ್ ಮುಂದೆ ನೆನಪಿಸಿಕೊಂಡಿದ್ದಾನೆ. ಇದನ್ನು ಓದಿದ ದಿನ ನನಗೆ ತವರಿನ ಗೋಡೆಯ ಮೇಲಿನ ಚಿತ್ರ ನೆನಪಾಗದೆ ಇರಲಿಲ್ಲ. ಫಿಲಮ್ಮಿನ ಕಾಲದಲ್ಲೇ ಆಗಲಿ, ಚುಕ್ಕಿಗಳ ಕಾಲದಲ್ಲೇ ಆಗಲಿ, ಹೆಂಗಸಿನ ಮುಖ ಸ್ಪಷ್ಟವಾಗಿ ಮೂಡಲು ಯಾರಾದರೂ ಸ್ವಲ್ಪ ತಂತಿ ಬದಲಿಸಲೇಬೇಕೇನೋ.

ಕನ್ನಡಿಯ ವಂಶಕ್ಕೂ ಚುಕ್ಕಿಯ ವಂಶಕ್ಕೂ ಮದುವೆಯಾದದ್ದು 1991ರಲ್ಲಿ. ನಿಕಾನ್ ಎಫ್3 ಎಂಬ ಫಿಲಂ ಕ್ಯಾಮೆರಾದ ಬೆನ್ನಿಗೆ ಕೊಡಾಕ್‌ನವರು ತಮ್ಮ ಫಲಕ ಕೂರಿಸಿ ಡಿಸಿಎಸ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಹದಿಮೂರು ಲಕ್ಷ ಚುಕ್ಕಿ. ಚಿತ್ರಗಳನ್ನು ತುಂಬಿಡುವ ಪೆಟ್ಟಿಗೆ ಬೇರೆಯೇ, ಅದನ್ನು ಹೆಗಲಿಗೆ ನೇತುಹಾಕಿಕೊಂಡು ಓಡಾಡಬೇಕು. ಬೆಲೆ ಇಪ್ಪತ್ತು ಸಾವಿರ ಡಾಲರಿನ ಮೇಲೆ. ಪತ್ರಿಕೆಗಳವರನ್ನು ಬಿಟ್ಟರೆ ಬೇರೆಯವರು ಆಸೆಪಡುವಂತಿರಲಿಲ್ಲ. 1999ರಲ್ಲಿ ನಿಕಾನ್ ಡಿ1, 2003ರಲ್ಲಿ ಸಾವಿರ ಡಾಲರಿನೊಳಗಿನ ಕ್ಯಾನನ್ 300ಡಿ, 2006ರ ನವೆಂಬರಿನಲ್ಲಿ ಲೆನ್ಸಿನ ಸಮೇತ ಆರುನೂರು ಡಾಲರಿನ ಆಸುಪಾಸಿಗೆ ನನ್ನ ಈ ಡಿ40. ಹದಿನೈದು ವರ್ಷಗಳಲ್ಲಿ ಆನೆ ಇಳಿದು ಆಡಿನಷ್ಟಾಯಿತು. ಲೆನ್ಸು, ಬ್ಯಾಟರಿ ಎಲ್ಲ ಸೇರಿ ಮುಕ್ಕಾಲು ಕಿಲೋದ ಆಸುಪಾಸು. ನಮ್ಮ ತರಕಾರಿ ಚೀಲದ ಮುಂದೆ ಅದೊಂದು ತೂಕವೇ?

ಅಗ್ಗವಾದದ್ದು ಕ್ಯಾಮೆರಾ ಮಾತ್ರವಲ್ಲ ಎಂಬುದನ್ನು ಗಮನಿಸಬೇಕು. ಗುಂಡಿ ಒತ್ತುವ ಖರ್ಚು ಪೂರ್ತಿ ಇಲ್ಲವಾಯಿತು. ಒಮ್ಮೆ ಕೊಂಡ ಮೇಲೆ ನೂರು ಸಲ ಒತ್ತಿದರೂ ಅಷ್ಟೆ, ಒಂದು ಸಲ ಒತ್ತಿದರೂ ಅಷ್ಟೆ. ಚೆನ್ನಾಗಿಲ್ಲದ್ದನ್ನು ಅಳಿಸಿದರಾಯಿತು. ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಇತಿಹಾಸದ ಪುಸ್ತಕಗಳಲ್ಲಿ ಈ ಬದಲಾವಣೆಯನ್ನು ತಂತ್ರಜ್ಞಾನದ ಅಧ್ಯಾಯದಲ್ಲಿ ಹಾಕುತ್ತಾರೆ. ನನ್ನ ಕೈಯಲ್ಲಿದ್ದರೆ ಮಹಿಳೆಯರ ಅಧ್ಯಾಯದಲ್ಲಿ ಹಾಕುತ್ತಿದ್ದೆ. "ಫಿಲಂ ದಂಡ ಮಾಡಬೇಡ" ಎಂಬ ಮಾತಿಗೆ ಆಧಾರವೇ ಇಲ್ಲದಂತಾದದ್ದು ಸಣ್ಣ ಸಂಗತಿಯಲ್ಲ.

ಖರ್ಚು, ತೂಕ, ಜನರ ಮಾತು ಎಲ್ಲವೂ ಇದ್ದ ಕಾಲದಲ್ಲೇ ಕ್ಯಾಮೆರಾ ಹಿಡಿದ ಒಬ್ಬಾಕೆಯನ್ನು ಇಲ್ಲಿ ನೆನೆಯಬೇಕು. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಹೋಮೈ ವ್ಯಾರಾವಾಲಾ ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ದೊಡ್ಡ ದೊಡ್ಡ ಕ್ಯಾಮೆರಾಗಳನ್ನು ಹೊತ್ತು, ಸೀರೆಯುಟ್ಟು, ದೆಹಲಿಯ ಗಂಡಸರ ಗುಂಪಿನ ನಡುವೆ ನಿಂತು ಸ್ವಾತಂತ್ರ್ಯದ ದಿನಗಳನ್ನೂ, ನೆಹರೂ ಅವರನ್ನೂ, ಗಾಂಧೀಜಿಯವರ ಅಂತಿಮ ಯಾತ್ರೆಯನ್ನೂ ಚಿತ್ರಿಸಿದರು. ಆದರೆ ಮೊದಮೊದಲು ಅವರ ಚಿತ್ರಗಳು ಅಚ್ಚಾಗುತ್ತಿದ್ದುದು ಗಂಡನ ಹೆಸರಿನಲ್ಲಿ. ಹೆಸರಿಲ್ಲದ ಹೊಸಬಳು, ಅದರಲ್ಲೂ ಹೆಂಗಸು ತೆಗೆದದ್ದೆಂದರೆ ಯಾರೂ ಬೆಲೆ ಕೊಡುತ್ತಿರಲಿಲ್ಲ. 1970ರಲ್ಲಿ ಅವರು ಕ್ಯಾಮೆರಾ ಕೆಳಗಿಟ್ಟರು. 2011ರಲ್ಲಿ ಪದ್ಮವಿಭೂಷಣ ಬಂತು. 2012ರ ಜನವರಿ 15ರಂದು ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಾದ ನಾಲ್ಕೇ ದಿನಕ್ಕೆ, ಜನವರಿ 19ರಂದು, ಡಿಜಿಟಲ್ ಕ್ಯಾಮೆರಾವನ್ನು ಹೆತ್ತೂ ಅದನ್ನು ಮನಸಾರೆ ಸಾಕದೆ ಫಿಲಮ್ಮನ್ನೇ ನೆಚ್ಚಿಕೊಂಡಿದ್ದ ಕೊಡಾಕ್ ಕಂಪೆನಿ ದಿವಾಳಿಯ ಅರ್ಜಿ ಹಾಕಿತು. ಒಂದು ಯುಗ ಮುಗಿಯಿತು ಎಂದು ನಾವು ಪಾಠ ಮಾಡುವುದು ಇಂಥ ವಾರಗಳ ಬಗೆಗೇ.

ಈಗ ನನ್ನ ಕ್ಯಾಮೆರಾದ ವಿಷಯಕ್ಕೆ ಬರೋಣ. "ಆರು ಮೆಗಾಪಿಕ್ಸೆಲ್ಲಾ? ಮೇಡಂ, ನನ್ನ ಫೋನಿನದ್ದೇ ಐವತ್ತು!" ಎಂದು ಶಾಲೆಯ ಕಿರಿಯ ಸಹೋದ್ಯೋಗಿಗಳು ನಗುತ್ತಾರೆ. ಅವರಿಗೆ ನಾನು ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸುತ್ತೇನೆ. ಇದರ ಒಂದು ಚಿತ್ರ ಅಡ್ಡಕ್ಕೆ 3008 ಚುಕ್ಕಿ, ಉದ್ದಕ್ಕೆ 2000. ಗುಣಿಸಿದರೆ 60,16,000. ಆಲ್ಬಮ್ಮಿಗೆ ಅಂಟಿಸುವ ಆರಿಂಚು ನಾಲ್ಕಿಂಚಿನ ಪ್ರಿಂಟಿಗೆ, ಇಂಚಿಗೆ ಮುನ್ನೂರು ಚುಕ್ಕಿಯಂತೆ ಒಳ್ಳೆಯ ದರ್ಜೆಯಲ್ಲೇ ಅಚ್ಚು ಹಾಕಿದರೂ ಬೇಕಾಗುವುದು 21,60,000. ಅದೇ ದರ್ಜೆಯಲ್ಲಿ ಹತ್ತಿಂಚು ಅಗಲದ ಚಿತ್ರವನ್ನೂ ಮಾಡಿಸಬಹುದು. ಗೋಡೆಗೆ ಹಾಕುವ ಫೋಟೋಗೆ ಇದಕ್ಕಿಂತ ಹೆಚ್ಚೇನು ಬೇಕು? ನಾಲ್ಕು ಜನರ ಅನ್ನಕ್ಕೆ ನಲವತ್ತು ಜನರ ಕೊಳಗ ಒಲೆಗೇರಿಸುವವರುಂಟೆ?

ಹಾಗೆಂದು ಇದಕ್ಕೆ ಕೊರತೆಗಳಿಲ್ಲ ಎನ್ನಲಾರೆ. ಇದರಲ್ಲಿ ವಿಡಿಯೋ ಇಲ್ಲ. ಕತ್ತಲಲ್ಲಿ ತೆಗೆದರೆ ಚಿತ್ರದ ಮೇಲೆಲ್ಲ ಚಿರೋಟಿ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಗುರಿ ಹಿಡಿಯಲು ಮೂರೇ ಬಿಂದುಗಳು. ಹಿಂದಿನ ಪರದೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಬಿಸಿಲಿನಲ್ಲಿ ಅದೂ ಕಾಣುವುದಿಲ್ಲ. ತಯಾರಿಕೆ ನಿಂತು ಎಷ್ಟೋ ವರ್ಷವಾಯಿತು. ಮೂಲ ಬ್ಯಾಟರಿ ಸೋತ ಮೇಲೆ ಬೇರೆ ಕಂಪೆನಿಯ ಬದಲಿ ಬ್ಯಾಟರಿ ತರಿಸಿ ಹಾಕಿದ್ದೇನೆ. ಆದರೆ ಕೊರತೆ ಗೊತ್ತಿರುವವರೊಡನೆ ಸಂಸಾರ ಮಾಡುವುದು ಸುಲಭ. ರಾತ್ರಿಯ ಆರತಕ್ಷತೆಗೆ ಇದನ್ನು ಒಯ್ಯುವುದಿಲ್ಲ. ಬೆಳಗಿನ ಏಳರಿಂದ ಒಂಬತ್ತು, ಸಂಜೆಯ ನಾಲ್ಕೂವರೆಯಿಂದ ಆರು, ಈ ಎರಡು ಹೊತ್ತು ಇದರದ್ದು. ಆ ಎರಡೂ ಹೊತ್ತಿನಲ್ಲಿ ಅಡುಗೆಮನೆ ಕರೆಯುತ್ತದೆ ಎಂಬ ಮಾತು ಬೇರೆ. ಭಾನುವಾರ ಉಪ್ಪಿಟ್ಟಾದರೆ ಸಾಕೆಂದು ಮನೆಯವರು ಒಪ್ಪಿಕೊಂಡಿದ್ದಾರೆ.

ನಾನು ಪಾಠ ಮಾಡುವುದು ತಿಪಟೂರಿನಲ್ಲಿ. ಇಲ್ಲಿಂದ ಚನ್ನರಾಯಪಟ್ಟಣದ ದಾರಿಯಲ್ಲಿ ನುಗ್ಗೇಹಳ್ಳಿಯಿದೆ. 1246ರಲ್ಲಿ ಹೊಯ್ಸಳರ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ. ಹತ್ತಾರು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ಕಥೆ ಹೇಳಿದ್ದೆ. ಕ್ಯಾಮೆರಾ ಒಯ್ದ ಮೇಲೆಯೇ ಬೆಳಕನ್ನು ನೋಡಲು ಕಲಿತದ್ದು. ಬೆಳಗಿನ ಓರೆ ಬಿಸಿಲು ಬಳಪದ ಕಲ್ಲಿನ ಮೇಲೆ ಸವರಿಕೊಂಡು ಹೋಗುವಾಗ ಒಂದೊಂದು ಬಳೆ, ಒಂದೊಂದು ಗೆಜ್ಜೆಯೂ ತನ್ನ ನೆರಳನ್ನು ತಾನೇ ಎಳೆದುಕೊಂಡು ಎದ್ದು ನಿಲ್ಲುತ್ತದೆ. ಮೋಡ ಮುಚ್ಚಿದರೆ ಎಲ್ಲ ಒಂದೇ ಗೋಡೆಯಾಗುತ್ತದೆ. ಕಿಂಡಿಗೆ ಕಣ್ಣಿಟ್ಟರೆ ಸುತ್ತಲಿನ ಜಗತ್ತು ಮರೆಯಾಗಿ ಆ ಒಂದು ಶಿಲ್ಪ ಮಾತ್ರ ಉಳಿಯುತ್ತದೆ. ಫೋನು ಗಂಟೆ ಬಾರಿಸುವುದಿಲ್ಲ, ಯಾರ ಸಂದೇಶವೂ ಬಂದು ಚಿತ್ರದ ಮೇಲೆ ಕೂರುವುದಿಲ್ಲ. ಮಲ್ಲಿತಮ್ಮ, ಬೈಚೋಜ ಎಂದು ಶಿಲ್ಪಿಗಳು ತಮ್ಮ ಕೆಲಸದಡಿಯಲ್ಲಿ ಹೆಸರು ಕೊರೆದಿರುವುದನ್ನು ಚಿತ್ರ ತೆಗೆಯುವಾಗ ಹೋಮೈ ಅವರ ನೆನಪಾಗುತ್ತದೆ. ಏಳುನೂರು ವರ್ಷಗಳ ಹಿಂದೆ ಕಲ್ಲುಕುಟಿಗನಿಗೆ ಸಿಕ್ಕ ಹಕ್ಕು ಆಕೆಗೆ ಅಷ್ಟು ಸುಲಭವಾಗಿ ಸಿಗಲಿಲ್ಲ.

ಈ ಕ್ಯಾಮೆರಾದ ಒಂದು ಗುಣ ನನಗೆ ಬಹಳ ಪ್ರಿಯ. ಗುಂಡಿ ಒತ್ತಿದ ಗಳಿಗೆಯಲ್ಲಿ ಕನ್ನಡಿ ಮೇಲೆ ಹಾರುತ್ತದೆಂದು ಹೇಳಿದೆನಲ್ಲ, ಆಗ ಕಿಂಡಿಯಲ್ಲಿ ಕ್ಷಣಕಾಲ ಕತ್ತಲೆ. ಎಂದರೆ ಯಾವ ಕ್ಷಣ ಚಿತ್ರವಾಯಿತೋ ಆ ಒಂದು ಕ್ಷಣವನ್ನು ತೆಗೆದವಳು ಕಂಡಿರುವುದಿಲ್ಲ. ಅದಕ್ಕೆ ಮುಂಚಿನದನ್ನು ಚೆನ್ನಾಗಿ ನೋಡಿ, ಇನ್ನೇನು ಬರುತ್ತದೆಂದು ಊಹಿಸಿ ಒತ್ತಬೇಕು. ಹಾಲು ಉಕ್ಕುವ ಮುಂಚೆ ಒಲೆ ಸಣ್ಣ ಮಾಡುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಮ್ಮ ಊರಿನಲ್ಲಿ ಅಂಗಡಿ ಮುಚ್ಚಿದ ಒಬ್ಬ ಸ್ಟುಡಿಯೋ ಯಜಮಾನರು ತಮ್ಮ ಹಳೆಯ ಐವತ್ತು ಮಿಲಿಮೀಟರ್ ಲೆನ್ಸೊಂದನ್ನು ಸಣ್ಣ ಬೆಲೆಗೆ ನನಗೆ ಕೊಟ್ಟರು. ನನಗಿಂತ ಕೆಲವೇ ವರ್ಷ ಚಿಕ್ಕದಿರಬೇಕು. ಅದು ಡಿ40ರ ಬಾಯಿಗೆ ಸರಿಯಾಗಿ ಕೂತಿತು. ಆದರೆ ಕ್ಯಾಮೆರಾ ಅದರೊಡನೆ ಮಾತಾಡುವುದಿಲ್ಲ. ಉಂಗುರವನ್ನು ಕೈಯಲ್ಲೇ ತಿರುಗಿಸಿ ಸ್ಪಷ್ಟ ಮಾಡಬೇಕು, ಬೆಳಕಿನ ಲೆಕ್ಕವನ್ನೂ ನಾವೇ ಹಾಕಬೇಕು. ಒಂದು ತೆಗೆದು ಪರದೆಯಲ್ಲಿ ನೋಡುವುದು, ಕಪ್ಪಾದರೆ ಸ್ವಲ್ಪ ಹೆಚ್ಚಿಸುವುದು, ಬೆಳ್ಳಗಾದರೆ ತಗ್ಗಿಸುವುದು. ಉಪ್ಪು ನೋಡಿ ಹಾಕಿದಂತೆಯೇ. ಮುಖಗಳ ಚಿತ್ರಕ್ಕೆ ಅದರಷ್ಟು ಚೆಂದದ್ದು ಇನ್ನೊಂದಿಲ್ಲ.

ಆ ಲೆನ್ಸಿನ ಮುಂದೆ ಮೊದಲು ಕೂತವರು ನಮ್ಮ ಬೀದಿಯ ಕೊನೆಯಲ್ಲಿ ಹೂ ಕಟ್ಟಿ ಮಾರುವ ಅಜ್ಜಿ. "ಟೀಚರಮ್ಮ, ನಂದೊಂದು ಫೋಟ ಹಿಡ್ದುಕೊಡಿ. ನಾಳೆ ಗೋಡೆಗೆ ತಗುಲಾಕಕ್ಕೆ ಬೇಕಲ್ಲ. ಇರೋ ಫೋಟ ಎಲ್ಲಾ ರೇಷನ್ ಕಾರ್ಡಿಂದು, ಕಳ್ಳಿ ಕಂಡಂಗೆ ಕಾಣ್ತೀನಿ" ಎಂದರು. ಸೆರಗು ಹೊದ್ದು, ಉಸಿರು ಬಿಗಿಹಿಡಿದು, ಕಲ್ಲಿನಂತೆ ಕೂತರು. ಅದನ್ನೂ ತೆಗೆದೆ. ಆಮೇಲೆ ಯಾರೋ ಗಿರಾಕಿ ಬಂದು ಮೊಳ ಅಳೆಯುವುದರಲ್ಲಿ ಜಗಳ ತೆಗೆದಾಗ ಅಜ್ಜಿ ಬಾಯಿ ತುಂಬ ನಕ್ಕರು. ಅದನ್ನೂ ತೆಗೆದೆ. ಎರಡೂ ಪ್ರಿಂಟು ಹಾಕಿಸಿ ಕೊಟ್ಟಾಗ ಅಜ್ಜಿ ಬಹಳ ಹೊತ್ತು ನೋಡಿದರು. "ನಕ್ಕಿರೋದಕ್ಕೆ ಯಾರು ಹಾರ ಹಾಕ್ತಾರೆ? ಬಿಗುಮಾನವಾಗಿರೋದು ಗೋಡೆಗೆ ಇರ್ಲಿ. ಇದು ನನಗೆ" ಎಂದು ನಗುವ ಚಿತ್ರವನ್ನು ಹೂವಿನ ಬುಟ್ಟಿಯ ಕೆಳಗಿನ ದುಡ್ಡಿನ ಚೀಲಕ್ಕೆ ಸೇರಿಸಿದರು. ಎಪ್ಪತ್ತು ದಾಟಿದ ಮೇಲೆ ಆಕೆಗೆ ತನ್ನದೇ ಆದ, ತನಗಾಗಿಯೇ ಇರುವ ಒಂದು ಚಿತ್ರ ಸಿಕ್ಕಿತು. ಆ ದಿನದಿಂದ ನಮ್ಮ ಬೀದಿಯ ಹಿರಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದಿದ್ದಾರೆ. ಯಾರಿಗೂ ಸಾವಿನ ಮಾತಾಡಲು ಭಯವಿಲ್ಲ. ಗೋಡೆಯ ಮೇಲೆ ಗುರುತು ಸಿಗದ ಹಾಗೆ ಉಳಿಯುವುದಕ್ಕೆ ಮಾತ್ರ ಭಯ.

ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸ್ಥಳೀಯ ಇತಿಹಾಸದ ಚಟುವಟಿಕೆಯೆಂದು ಒಂದು ಕೆಲಸ ಕೊಡುತ್ತೇನೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾಲ್ಕೈದು ಹುಡುಗಿಯರನ್ನು ಕರೆದುಕೊಂಡು ಅವರವರ ಮನೆಗೆ ಹೋಗುವುದು. ಕ್ಯಾಮೆರಾ ಅವರ ಕೊರಳಿಗೆ. ಮನೆಯ ಹಿರಿಯ ಹೆಂಗಸಿನ ಒಂದು ಚಿತ್ರ ತೆಗೆದು, ಆಕೆಯ ಹೆಸರು, ಹುಟ್ಟಿದ ಊರು, ಗೊತ್ತಿರುವ ಕೆಲಸ ಬರೆದುಕೊಂಡು ಬರಬೇಕು. ಮೊದಲ ವರ್ಷವೇ ಒಬ್ಬ ಹುಡುಗಿ ಪುಸ್ತಕ ಹಿಡಿದು ಪೆಚ್ಚಾಗಿ ನಿಂತಳು. ಅಜ್ಜಿಯ ಹೆಸರೇ ಅವಳಿಗೆ ತಿಳಿದಿರಲಿಲ್ಲ. ಎಲ್ಲರೂ 'ಅಜ್ಜಿ', 'ಅವ್ವ' ಎಂದೇ ಕೂಗಿದವರು. ಅವಳ ಅಜ್ಜಿ ಕೊಬ್ಬರಿ ಗೋದಾಮಿನಲ್ಲಿ ಮೂವತ್ತು ವರ್ಷ ಕಾಯಿ ಒಡೆದು ಚಿಪ್ಪು ಬಿಡಿಸಿದವರು. ಇನ್ನೊಬ್ಬಳು ತನ್ನ ತಾಯಿ ಕಸೂತಿ ಹಾಕುವುದನ್ನು ತೀರ ಹತ್ತಿರ ಹೋಗಿ ತೆಗೆದಳು. ಅಷ್ಟು ಹತ್ತಿರ ಯಾವ ಸ್ಟುಡಿಯೋದವರೂ ಹೋಗಲಾರರು, ಹೋಗಲು ಆ ತಾಯಿ ಬಿಡಲಾರಳು. ಆ ಚಿತ್ರದಲ್ಲಿ ಆಕೆಯ ಕಣ್ಣಿನ ಪಾಪೆಯೊಳಗೆ ಕ್ಯಾಮೆರಾ ಹಿಡಿದ ಮಗಳ ಪುಟ್ಟ ಆಕಾರ ಕಾಣುತ್ತದೆ. ತೆಗೆದವಳೂ ಚಿತ್ರದೊಳಗೆ ಇದ್ದಾಳೆ. ಹುಡುಗಿಯರು "ಮೇಡಂ, ಎಷ್ಟು ಸಲ ಒತ್ತಬಹುದು?" ಎಂದು ಹೆದರಿ ಕೇಳುತ್ತಾರೆ. ಬೇಕಾದಷ್ಟು ಸಲ ಒತ್ತಿ ಎನ್ನುವಾಗ ನನಗಾಗುವ ಸಂತೋಷವನ್ನು ಹೇಗೆ ಹೇಳಲಿ!

ಇದೆಲ್ಲ ಫೋನಿನಲ್ಲಿ ಆಗದೇ ಎಂದು ನೀವು ಕೇಳಬಹುದು. ಖಂಡಿತ ಆಗುತ್ತದೆ. ಫೋನನ್ನು ಹಳಿಯುವವಳು ನಾನಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಈಗಲೂ ಹುಡುಗಿಯರ ಕೈಗೆ ಫೋನು ಕೊಡಲು ಅನುಮಾನಿಸುತ್ತಾರೆ. ಇತ್ತ ಕ್ಯಾಮೆರಾ ಎಂದರೆ ಯಾರೂ ತಕರಾರು ಮಾಡುವುದಿಲ್ಲ, ಅದರಲ್ಲಿ ಮಾತಾಡಲು ಬರುವುದಿಲ್ಲವಲ್ಲ! ಇನ್ನೊಂದು ಮಾತು. ಫೋನಿನಲ್ಲಿ ಸಾವಿರಾರು ಚಿತ್ರಗಳು ತುಂಬಿಕೊಳ್ಳುತ್ತವೆ, ಒಂದು ದಿನ ಫೋನು ನೀರಿಗೆ ಬೀಳುತ್ತದೆ, ಎಲ್ಲವೂ ಅದರೊಡನೆ ಹೋಗುತ್ತದೆ. ಕ್ಯಾಮೆರಾದ ಕಾರ್ಡೂ ಶಾಶ್ವತವಲ್ಲ. ಆದ್ದರಿಂದ ತಿಂಗಳಿಗೆ ಹತ್ತಾದರೂ ಆರಿಸಿ ಪ್ರಿಂಟು ಹಾಕಿಸಿ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಯಾರು, ಎಲ್ಲಿ, ಯಾವ ದಿನ ಎಂದು ಬರೆಯಿರಿ. ಕೊನೆಯಲ್ಲಿ, ತೆಗೆದವರು ಯಾರು ಎಂದು ನಿಮ್ಮ ಹೆಸರನ್ನೂ ತಪ್ಪದೆ ಬರೆಯಿರಿ. ಮುಂದೆ ಇತಿಹಾಸ ಬರೆಯುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಕನ್ನಡಿಯ ಕ್ಯಾಮೆರಾಗಳ ಕಾಲ ಬಹುಮಟ್ಟಿಗೆ ಮುಗಿದಿದೆ. 2008ರಿಂದ ಕನ್ನಡಿಯೇ ಇಲ್ಲದ ಹೊಸ ಬಗೆ ಬರತೊಡಗಿ, ದೊಡ್ಡ ಕಂಪೆನಿಗಳೆಲ್ಲ ಈಗ ಆ ಕಡೆಗೇ ತಿರುಗಿವೆ. ಹಾಗಾಗಿ ಹಳೆಯ ಡಿಎಸ್‌ಎಲ್‌ಆರ್‌ಗಳು ಬೀರುವಿನ ಮೇಲಿನ ಅರೆಯಲ್ಲಿ, ಮಗನ ಹಳೆಯ ಪುಸ್ತಕಗಳ ಹಿಂದೆ, ಮಗಳ ಕಾಲೇಜಿನ ಚೀಲದಲ್ಲಿ ಬೆಚ್ಚಗೆ ಮಲಗಿವೆ. ನಿಮ್ಮ ಮನೆಯಲ್ಲೂ ಒಂದಿರಬಹುದು. ಕೊಂಡವರಿಗೆ ಅದು ಹಳೆಯದಾಗಿರಬಹುದು, ನಿಮ್ಮ ಕೈಗೆ ಅದಿನ್ನೂ ಹೊಸದೇ. ಧೂಳು ಒರೆಸಿ, ಬ್ಯಾಟರಿ ತುಂಬಿಸಿ, ಮನೆಯ ಹಿರಿಯರನ್ನು ಬೆಳಗಿನ ಬೆಳಕಿಗೆ ಮುಖಮಾಡಿ ಜಗುಲಿಯ ಮೇಲೆ ಕೂರಿಸಿ. ಅವರು ನಗುವವರೆಗೂ ಕಾಯಿರಿ. ಕಣ್ಣು ಕಾಣುವಂತೆ ತೆಗೆಯಿರಿ.